ಮೋಲ್ಡ್ ಹಾಕುವ ರಾತ್ರಿ

ರಾತ್ರಿ ಹತ್ತೂವರೆ. ಬೆಂಗಳೂರಿನ ಸರ್ಜಾಪುರ ರಸ್ತೆಯಿಂದ ಒಳಗೆ, ಅಪಾರ್ಟ್‌ಮೆಂಟ್ ಏಳುತ್ತಿರುವ ಒಂದು ಸೈಟು. ನೀವು ನಿಂತಿರುವುದು ನೆಲದಿಂದ ಎರಡಾಳೆತ್ತರದಲ್ಲಿ, ಎಣ್ಣೆ ಸವರಿದ ಪ್ಲೈವುಡ್ಡಿನ ಮೇಲೆ ಹೆಣೆದ ಕಂಬಿಯ ಜಾಲದ ಮೇಲೆ. ಗಮ್‌ಬೂಟಿನ ಕೆಳಗೆ ಕಂಬಿ ಜಾರುತ್ತದೆ. ಪ್ರತಿ ಹೆಜ್ಜೆಗೂ ಪಾದ ತಡಕಾಡಿ ಜಾಗ ಹುಡುಕಿಕೊಳ್ಳಬೇಕು, ತಪ್ಪಿದರೆ ಕಾಲು ಎರಡು ಕಂಬಿಗಳ ನಡುವೆ. ಫ್ಲಡ್‌ಲೈಟಿಗೆ ಹುಳುಗಳು ಮುತ್ತಿವೆ. ಡೀಸೆಲ್ ಹೊಗೆ ಗಂಟಲಲ್ಲಿ ಕೂತಿದೆ.

ತಲೆಯ ಮೇಲೆ ಬೂಮ್ ಪಂಪಿನ ಉದ್ದ ತೋಳು ಮಡಿಕೆ ಬಿಚ್ಚಿಕೊಳ್ಳುತ್ತ ಬರುತ್ತದೆ. ತುದಿಯ ರಬ್ಬರ್ ಪೈಪು ಒಮ್ಮೆ ನಡುಗಿ, ಕೆಮ್ಮಿ, ಆಮೇಲೆ ಬೂದು ಕಾಂಕ್ರೀಟನ್ನು ದಬದಬನೆ ಸುರಿಯಲು ಶುರು ಮಾಡುತ್ತದೆ. ಹಲಗೆ ಅದುರುತ್ತದೆ. ಆ ಅದುರು ನಿಮ್ಮ ಮಂಡಿಯವರೆಗೂ ಹತ್ತಿ ಬರುತ್ತದೆ. 150 ಮಿಲಿಮೀಟರ್ ದಪ್ಪದ ಸ್ಲ್ಯಾಬು ಅಂದರೆ ಒಂದೊಂದು ಚದರ ಮೀಟರಿಗೆ ಸುಮಾರು 375 ಕೆಜಿ. ಅದನ್ನೆಲ್ಲ ಹೊರಬೇಕಾದವು ಕೆಳಗೆ ಕತ್ತಲಲ್ಲಿ ಸಾಲಾಗಿ ನಿಂತಿರುವ ಕಬ್ಬಿಣದ ಜಾಕಿಗಳು. ನೀವು ಸದ್ಯಕ್ಕೆ ಅವುಗಳ ಬಗ್ಗೆ ಯೋಚಿಸುತ್ತಿಲ್ಲ.

ಡಿಪ್ಲೊಮಾ ಸಿವಿಲ್ ಮುಗಿಸಿ ಈ ಕಂಪನಿಗೆ ಸೇರಿ ಹೆಚ್ಚು ದಿನವಾಗಿಲ್ಲ. ಹೆಲ್ಮೆಟ್ಟಿನ ಮೇಲೆ ‘ಟ್ರೈನಿ’ ಎಂಬ ಸ್ಟಿಕ್ಕರ್ ಇನ್ನೂ ಹೊಳೆಯುತ್ತಿದೆ. ಹಿರಿಯೂರಿನ ಕಡೆಯ ನಿಮ್ಮೂರಿನಲ್ಲಿ ಅಪ್ಪ ಸಿಕ್ಕಸಿಕ್ಕವರಿಗೆಲ್ಲ ‘ನಮ್ಮನೇಲೂ ಒಬ್ರು ಎಂಜಿನಿಯರ್ ಆದ್ರು’ ಅನ್ನುತ್ತಿದ್ದಾರೆ. ಅವರ ಲೆಕ್ಕದಲ್ಲಿ ಕಟ್ಟಡದ ಕೆಲಸದಲ್ಲಿ ಇರುವುದು ಎರಡೇ ಜಾತಿ: ಎಂಜಿನಿಯರು, ಕೂಲಿ. ನಿಮ್ಮ ಲೆಕ್ಕವೂ ಇಲ್ಲಿಗೆ ಬರುವ ತನಕ ಹಾಗೇ ಇತ್ತು.

ಈಗ ಕೈಯಲ್ಲಿ ಕ್ಲಿಪ್ ಹಾಕಿದ ಒಂದು ಹಾಳೆ ಇದೆ. ಪೋರ್ ಕಾರ್ಡು. ಇದರ ಮೇಲೆ ಸಹಿಗಳು ಪೂರ್ತಿಯಾಗದೆ ಒಂದು ಬಾಂಡ್ಲಿ ಕಾಂಕ್ರೀಟೂ ಬೀಳುವಂತಿಲ್ಲ. ಸೆಂಟ್ರಿಂಗ್ ಸರಿ ಇದೆ ಅಂತ ಒಬ್ಬರು, ಕಂಬಿ ಡ್ರಾಯಿಂಗ್ ಪ್ರಕಾರ ಇದೆ ಅಂತ ಒಬ್ಬರು, ಕರೆಂಟಿನ ಪೈಪು ಒಳಗೆ ಕೂತಿವೆ ಅಂತ ಇನ್ನೊಬ್ಬರು, ಮಟ್ಟ ನೋಡಿದ್ದೇನೆ ಅಂತ ಸರ್ವೇಯರು, ಕ್ವಾಲಿಟಿ, ಸೇಫ್ಟಿ. ಒಂದೊಂದು ಸಹಿಯೂ ಒಂದೊಂದು ನೌಕರಿ. ಟೋಟಲ್ ಸ್ಟೇಷನ್ ಹಿಡಿದ ಸರ್ವೇಯರು ಐಟಿಐ ಓದಿ ಬಂದವರು. ಅವರು ಗೆರೆ ಹಾಕಿಕೊಡದಿದ್ದರೆ ಬಿಇ ಮಾಡಿದವರ ಕಂಬವೂ ಎದ್ದು ನಿಲ್ಲುವುದಿಲ್ಲ.

‘ಸರ, ಇಲ್ಲಿ ಕಾಲ ಇಡಬ್ಯಾಡ್ರಿ. ಚೇರು ಮಲಗ್ತದ.’

ಕಂಬಿ ಮೇಸ್ತ್ರಿ. ಯಾದಗಿರಿ ಕಡೆಯವರು, ವಯಸ್ಸು ನಿಮ್ಮ ಅಪ್ಪನದು. ಕಂಬಿ ಕಟ್ಟಿ ಮುಗಿದ ಮೇಲೆ ಅವರ ಕೆಲಸ ಮುಗಿಯಬೇಕಿತ್ತು. ಆದರೆ ಕಾಂಕ್ರೀಟು ಬೀಳುವಾಗ, ಜನ ತುಳಿಯುವಾಗ ಮೇಲಿನ ಸಾಲಿನ ಕಂಬಿಯನ್ನು ಎತ್ತಿಹಿಡಿಯುವ ಚೇರು ಮಲಗಿ, ಕಂಬಿ ಕೆಳಗೆ ಕೂತುಬಿಡುತ್ತದೆ, ಅದಕ್ಕೇ ರಾತ್ರಿಯೆಲ್ಲ ಬಗ್ಗಿಕೊಂಡೇ ಓಡಾಡುತ್ತಾರೆ. ಸೊಂಟದ ಚೀಲದಲ್ಲಿ ಬೈಂಡಿಂಗ್ ವೈರು, ಕೈಯಲ್ಲಿ ಕೊಕ್ಕೆ. ಎರಡು ಕಂಬಿ ಕೂಡುವಲ್ಲಿ ವೈರು ಸುತ್ತಿ, ಕೊಕ್ಕೆ ಸಿಕ್ಕಿಸಿ ಮಣಿಕಟ್ಟು ಒಂದು ಸಲ ತಿರುಗಿಸಿದರೆ ಮುಗಿಯಿತು, ನೀವು ಕಣ್ಣು ಮಿಟುಕಿಸುವಷ್ಟರಲ್ಲಿ ಗಂಟು. ಅವರ ಹೆಬ್ಬೆರಳಿನ ಉಗುರು ಎಂದೋ ಹೋಗಿದೆ, ಅಲ್ಲೀಗ ಬರೀ ಗಟ್ಟಿ ಚರ್ಮ. ಹನ್ನೆರಡು ಎಂಎಂ ಕಂಬಿ ಮೀಟರಿಗೆ ಎಷ್ಟು ತೂಕ ಅಂತ ಕೇಳಿದರೆ ‘ಎಂಟ್ನೂರಾ ಎಂಬತ್ತೆಂಟು ಗ್ರಾಂ’ ಅಂತ ತಲೆಯೆತ್ತದೆ ಹೇಳುತ್ತಾರೆ. ನಿಮಗೆ ಆ ಉತ್ತರಕ್ಕೆ ವ್ಯಾಸದ ವರ್ಗವನ್ನು 162ರಿಂದ ಭಾಗಿಸಬೇಕು, ಅದಕ್ಕೆ ಮೊಬೈಲು ತೆಗೆಯಬೇಕು. ಪೋರ್ ಕಾರ್ಡಿನಲ್ಲಿ ಕಂಬಿಯ ಮುಂದೆ ಸಹಿ ಇದೆ. ಅದು ಅವರದಲ್ಲ.

ವಾಕಿಟಾಕಿ ಗೊರಗೊರ ಅನ್ನುತ್ತದೆ. ‘ಟ್ರೈನೀ, ಕೆಳಗೆ ಬನ್ನಿ. ಗಾಡಿ ಪ್ರಾಬ್ಲಮ್.’

ಏಣಿ ಇಳಿಯುತ್ತೀರಿ. ಗೇಟಿನ ಬಳಿ ಟ್ರಾನ್ಸಿಟ್ ಮಿಕ್ಸರ್ ಡ್ರಮ್ಮು ತಿರುಗಿಸುತ್ತ ನಿಂತಿದೆ. ಆರು ಕ್ಯೂಬಿಕ್ ಮೀಟರ್ ಮಾಲು, ಹೆಚ್ಚುಕಡಿಮೆ 15 ಟನ್. ಚಲನ್‌ನಲ್ಲಿ ಪ್ಲಾಂಟಿನಿಂದ ಹೊರಟ ಹೊತ್ತು ಬರೆದಿದೆ; ಆಗಲೇ ಒಂದು ಗಂಟೆ ಇಪ್ಪತ್ತು ನಿಮಿಷ ಕಳೆದಿದೆ. ಮಾಮೂಲಿ ಮಿಶ್ರಣವಾದರೆ ಎರಡು ಗಂಟೆಯೊಳಗೆ ಸುರಿದಾಗಬೇಕು, ಆಮೇಲೆ ಅದು ಬಿಗಿಯಲು ಶುರು.

ಕ್ವಾಲಿಟಿ ಎಂಜಿನಿಯರ್ ಮೇಡಂ ಕುಕ್ಕುರುಗಾಲಿನಲ್ಲಿ ಕೂತು ಸ್ಲಂಪ್ ನೋಡುತ್ತಿದ್ದಾರೆ. ಬುಡ ಅಗಲ, ಬಾಯಿ ಕಿರಿದಾದ ತಗಡಿನ ಕೋನು. ಅದರೊಳಗೆ ಕಾಂಕ್ರೀಟು ತುಂಬಿ, ಪದರಕ್ಕೆ 25ರಂತೆ ಸರಳಿನಿಂದ ತಿವಿದು, ಕೋನನ್ನು ನೇರಕ್ಕೆ ಎತ್ತುತ್ತಾರೆ. ಒಳಗಿನದು ಕುಸಿದು ಹರಡಬೇಕು. ಕುಸಿಯುವುದಿಲ್ಲ. ಹಿಟ್ಟು ಹೆಚ್ಚಾದ ಮುದ್ದೆಯಂತೆ ಗಟ್ಟಿಯಾಗಿ ನಿಂತೇಬಿಡುತ್ತದೆ. ಬೇಕಿದ್ದದ್ದು 120 ಮಿಲಿಮೀಟರ್, ಬಂದದ್ದು 70.

‘ಇದನ್ನ ಎಳುದ್ರೆ ಪೈಪು ಜಾಮ್ ಆಯ್ತದೆ ಸಾರ್’ ಅನ್ನುತ್ತಾನೆ ಬೂಮ್ ಆಪರೇಟರ್. ಅವನ ಹೊಟ್ಟೆಯ ಮೇಲೆ ಬೆಲ್ಟಿಗೆ ಸಿಕ್ಕಿಸಿದ ರಿಮೋಟ್ ಪೆಟ್ಟಿಗೆ. ಇಡೀ ಸೈಟಿನಲ್ಲಿ ಆ ಪೆಟ್ಟಿಗೆ ಮುಟ್ಟಲು ಅವನೊಬ್ಬನಿಗೇ ಅನುಮತಿ. ಅವನ ಸಂಬಳ ನಿಮ್ಮದಕ್ಕಿಂತ ಹೆಚ್ಚು ಎಂದು ನಿಮಗೆ ಮೊನ್ನೆ ಗೊತ್ತಾಗಿದೆ, ಅದಿನ್ನೂ ಒಳಗೊಳಗೇ ಚುಚ್ಚುತ್ತಿದೆ. ಮಿಕ್ಸರ್ ಡ್ರೈವರ್ ನೀರಿನ ಪೈಪಿನ ಮೇಲೆ ಕೈಯಿಟ್ಟು ನಿಮ್ಮ ಮುಖವನ್ನೇ ನೋಡುತ್ತಾನೆ. ‘ಎರಡ್ ಬಕೆಟ್ ಬಿಡ್ಲಾ? ಎಲ್ಲಾ ಕಡೆ ಬಿಡ್ತಾರೆ.’

ನಿಜ, ಬಹಳ ಕಡೆ ಬಿಡುತ್ತಾರೆ. ಮಾಲು ಸಲೀಸಾಗಿ ಜಾರುತ್ತದೆ, ಎಲ್ಲರೂ ಬೇಗ ಮನೆಗೆ ಹೋಗುತ್ತಾರೆ. ಹೆಚ್ಚಾದ ನೀರು ಆಮೇಲೆ ಆರಿಹೋಗಿ ಒಳಗೆ ಸಣ್ಣ ಸಣ್ಣ ತೂತು ಬಿಡುತ್ತದೆ, ಬಲ ಇಳಿಯುತ್ತದೆ. ಮೇಲಿನಿಂದ ನೋಡಿದವರಿಗೆ ಏನೂ ಗೊತ್ತಾಗುವುದಿಲ್ಲ. ನಿಮ್ಮ ನಾಲಿಗೆ ಒಣಗಿದೆ. ಮೂರು ಜನ ಅನುಭವಸ್ಥರು ಒಂದು ‘ಹೂಂ’ಗೆ ಕಾಯುತ್ತಿದ್ದಾರೆ.

‘ಬೇಡ’ ಅನ್ನುವುದು ಮೇಡಂ. ದನಿ ಏರಿಸುವುದಿಲ್ಲ. ಪ್ಲಾಂಟಿಗೆ ಫೋನ್ ಮಾಡಿ, ಲೆಕ್ಕ ಕೇಳಿ, ಕ್ಯಾನಿನಿಂದ ಮಾಲು ಸಡಿಲಿಸುವ ಅಡ್ಮಿಕ್ಸ್ಚರ್ ಅಳೆದು ಡ್ರಮ್ಮಿಗೆ ಹಾಕಿಸುತ್ತಾರೆ, ಕೆಲವು ನಿಮಿಷ ಜೋರಾಗಿ ತಿರುಗಿಸಿ ಅನ್ನುತ್ತಾರೆ. ಮತ್ತೆ ಕೋನು, ಮತ್ತೆ 25 ತಿವಿತ. 115. ಗಾಡಿ ಒಳಗೆ. ಆಮೇಲೆ ಅದೇ ಮಾಲಿನಿಂದ 150 ಮಿಲಿಮೀಟರಿನ ಕಬ್ಬಿಣದ ಅಚ್ಚುಗಳಿಗೆ ತುಂಬಿ ಕ್ಯೂಬು ಮಾಡುತ್ತ, ನಿಮ್ಮ ಕಡೆ ನೋಡದೆ ಹೇಳುತ್ತಾರೆ: ‘ನಂಗೆ ಸಂಬಳ ಕೊಡೋದು ಇದೊಂದು ಬೇಡಕ್ಕೇ ಕಣ್ರೀ. ಉಳಿದಿದ್ದೆಲ್ಲ ಬರವಣಿಗೆ.’

ಹನ್ನೆರಡರ ಚಹಾ. ಸ್ಟೀಲ್ ಲೋಟ ಅಂಗೈ ಸುಡುತ್ತದೆ, ಬೆರಳ ಸಂದಿಯಲ್ಲಿ ಒಣಗಿದ ಸಿಮೆಂಟು ಬಿರುಕು ಬಿಟ್ಟು ಉರಿಯುತ್ತದೆ. ಹಸಿ ಸಿಮೆಂಟಿನಲ್ಲಿ ಸುಣ್ಣದ ಗುಣ ಇದೆ, ಚರ್ಮ ತಿನ್ನುತ್ತದೆ. ಗ್ಲೌಸು ಹಾಕಿ ಎಂದು ಸೇಫ್ಟಿ ಆಫೀಸರು ದಿನಾ ಬೈಯುತ್ತಾರೆ.

ಚಹಾ ಹಂಚುವ ಹೆಂಗಸು ಹಗಲು ಕ್ಯೂರಿಂಗ್ ಮಾಡುತ್ತಾಳೆ, ಬಾಂಡ್ಲಿ ಹೊರುತ್ತಾಳೆ. ಹಾಜರಿ ಪುಸ್ತಕದಲ್ಲಿ ಅವಳು ‘ಹೆಲ್ಪರ್’. ಮದುವೆಯಾಗಿ ಗಂಡನ ಜೊತೆ ಬಂದಾಗಲೂ ಹೆಲ್ಪರ್, ಈಗ ಮಗಳಿಗೆ ಮದುವೆ ಮಾಡುವ ಹೊತ್ತಿಗೂ ಹೆಲ್ಪರ್. ಅವಳ ಜೊತೆಗೇ ಬಂದ ಹುಡುಗರು ಕರಣೆ ಹಿಡಿದು ಗಾರೆಯವರಾದರು, ಕೆಲವರು ಮೇಸ್ತ್ರಿಗಳಾದರು. ಹೆಂಗಸಿನ ಕೈಗೆ ಕರಣೆ ಕೊಡಬಾರದೆಂದು ಯಾವ ಕಾನೂನೂ ಹೇಳಿಲ್ಲ, ಆದರೂ ಕೊಡುವವರು ಅಪರೂಪ. ಈ ಉದ್ಯಮದ ನಾಚಿಕೆಗೇಡಿನ ಸಂಗತಿಗಳಲ್ಲಿ ನನ್ನ ಮಟ್ಟಿಗೆ ಇದು ಮೊದಲನೆಯದು.

‘ಏನ್ರೀ ಟ್ರೈನಿ, ಡಿಸೈಡ್ ಮಾಡಿದ್ರಾ?’ ಸೈಟ್ ಇನ್‌ಚಾರ್ಜ್ ಪಕ್ಕದಲ್ಲಿ ಬಂದು ನಿಲ್ಲುತ್ತಾರೆ. ತಿಂಗಳ ಕೊನೆಗೆ ನಿಮ್ಮ ತರಬೇತಿ ಮುಗಿಯುತ್ತದೆ, ಯಾವ ಸೆಕ್ಷನ್ ಬೇಕೆಂದು ಬರೆದುಕೊಡಬೇಕು. ‘ಪ್ಲಾನಿಂಗ್ ತಗೊಳ್ಳಿ, ಎಸಿ ರೂಮು, ವೇಳಾಪಟ್ಟಿ. ಬಿಲ್ಲಿಂಗ್ ತಗೊಂಡ್ರೆ ಎಲ್ರೂ ನಿಮ್ಮ ಹಿಂದೆ ಬರ್ತಾರೆ, ಅಳತೆ ನೀವು ಬರೆದ ಮೇಲೇ ಅವರಿಗೆ ದುಡ್ಡು. ಕಂಪ್ಯೂಟರ್ ಇಷ್ಟ ಇದ್ರೆ ಬಿಮ್, ಕಟ್ಟೋಕೆ ಮೊದಲೇ ಸ್ಕ್ರೀನಲ್ಲಿ ಇಡೀ ಬಿಲ್ಡಿಂಗ್ ಕಟ್ಟೋದು. ಎಕ್ಸಿಕ್ಯೂಷನ್ ಬೇಕಾ? ನೋಡಿ ನನ್ನ, ಮಗಳ ಹುಟ್ಟುಹಬ್ಬಕ್ಕೂ ಇಲ್ಲೇ ಇದ್ದೆ.’ ನಗುತ್ತಾರೆ. ಆ ನಗುವಿನಲ್ಲಿ ನಗು ಕಡಿಮೆ.

ನಿಮ್ಮ ತಲೆಯಲ್ಲಿ ಇನ್ನೂ ಒಂದು ಇದೆ, ಅಪ್ಪನ ಆಸೆಯದು: ಕೆಪಿಎಸ್‌ಸಿ ಬರೆದು ಲೋಕೋಪಯೋಗಿ ಇಲಾಖೆಯಲ್ಲಿ ಜೆಇ ಆಗುವುದು. ಜೆಇಗೆ ಡಿಪ್ಲೊಮಾ ಸಾಕು, ಸಹಾಯಕ ಎಂಜಿನಿಯರಿಗೆ ಬಿಇ ಬೇಕು. ಡಿಪ್ಲೊಮಾದವರಿಗೆ ಬಿಇ ಎರಡನೇ ವರ್ಷಕ್ಕೇ ನೇರ ಪ್ರವೇಶ ಸಿಗುತ್ತದೆ. ಯಾವುದೂ ಈ ರಾತ್ರಿ ತೀರ್ಮಾನವಾಗುವಂಥದ್ದಲ್ಲ. ಲೋಟ ಇಟ್ಟು ಏಣಿ ಹತ್ತುತ್ತೀರಿ.

ಒಂದೂಕಾಲು. ಅರ್ಧ ಸ್ಲ್ಯಾಬು ತುಂಬಿದೆ. ನೀಡಲ್ ವೈಬ್ರೇಟರಿನ ಗುಂಯ್‌ಗುಡುವಿಕೆ ಈಗ ಕಿವಿಯಲ್ಲಿಲ್ಲ, ಹಲ್ಲಿನೊಳಗಿದೆ. ಬೂಮ್ ಇಡೀ ಕಟ್ಟಡದಲ್ಲೇ ಅತಿ ಉದ್ದದ ತೊಲೆಯ ಮೇಲೆ ಬಂದು ಸುರಿಯತೊಡಗುತ್ತದೆ. ಮೇಸ್ತ್ರಿ ಬಗ್ಗಿದ್ದವರು ತಟ್ಟನೆ ನಿಲ್ಲುತ್ತಾರೆ. ಅಂಗೈಯನ್ನು ಕಂಬಿಯ ಮೇಲೆ ಒತ್ತಿ ಹಿಡಿಯುತ್ತಾರೆ.

‘ಸರ.’

ನೀವು ತಿರುಗುತ್ತೀರಿ.

‘ಕೆಳಗ ಏನೋ ಸಪ್ಪಳ ಆಗ್ಲಕತ್ತದ್ರಿ.’

ನಿಮಗೆ ಕೇಳುವುದು ಪಂಪು ಮಾತ್ರ. ಬಗ್ಗಿ ನೀವೂ ಕಂಬಿ ಮುಟ್ಟುತ್ತೀರಿ. ಮೊದಲು ವೈಬ್ರೇಟರಿನ ನಡುಕ. ಅದರ ಅಡಿಯಲ್ಲಿ, ಬಿಟ್ಟು ಬಿಟ್ಟು, ಒಂದು ಸಣ್ಣ ಜರಗು. ಕಬ್ಬಿಣ ಕಬ್ಬಿಣಕ್ಕೆ ಉಜ್ಜಿದ ಹಾಗೆ. ಅಂಚಿಗೆ ಹೋಗಿ ಟಾರ್ಚು ಹಾಕುತ್ತೀರಿ. ತೊಲೆಯ ತಳದ ಉದ್ದಕ್ಕೂ ಸಂಜೆ ಕಟ್ಟಿದ ಬಿಳಿ ದಾರ ಇದೆ. ದಾರಕ್ಕೂ ಹಲಗೆಗೂ ಎಲ್ಲೆಡೆ ಒಂದೇ ಅಂತರವಿರಬೇಕು. ನಡುವೆ ಹಲಗೆ ದಾರಕ್ಕೆ ತಾಗಿದೆ. ತಾಗಿ, ಅದನ್ನು ಕೆಳಕ್ಕೆ ಒತ್ತಿದೆ.

ಹೊಟ್ಟೆಯಲ್ಲಿ ಏನೋ ಸಡಿಲವಾಗುತ್ತದೆ.

ಇನ್‌ಚಾರ್ಜ್ ಎಲ್ಲಿ? ಗೇಟಿನ ಹೊರಗೆ, ಗಾಡಿಯವರ ಜೊತೆ. ಕರೆದರೆ ಬರಲು ಎರಡು ನಿಮಿಷ. ಎರಡು ನಿಮಿಷದಲ್ಲಿ ಪಂಪು ಎಷ್ಟು ಸುರಿಯುತ್ತದೆ? ಕೆಳಗೆ ಬಂಗಾಳದ ಮಾಲ್ಡಾದ ಬಡಗಿಗಳು ಇಬ್ಬರು ಟಾರ್ಚು ಹಿಡಿದು ಜಾಕಿ ಕಾಯುತ್ತಿದ್ದಾರೆ. ನಿಲ್ಲಿಸಿದರೆ? ಹೊರಗೆ ಮೂರು ಗಾಡಿ ಸಾಲಿನಲ್ಲಿವೆ, ಮಾಲು ಕೆಡುತ್ತದೆ, ಸ್ಲ್ಯಾಬಿನ ನಡುವೆ ಜಾಯಿಂಟು ಬೀಳುತ್ತದೆ. ಏನೂ ಆಗಿರಲಿಲ್ಲ ಎಂದಾದರೆ ನಾಳೆ ನೀವು ಹೆದರುಪುಕ್ಕಲ ಟ್ರೈನಿ. 2019ರ ಮಾರ್ಚ್ 19ರಂದು ಧಾರವಾಡದ ಕುಮಾರೇಶ್ವರ ನಗರದಲ್ಲಿ ಕಟ್ಟುತ್ತಿದ್ದ ಕಟ್ಟಡ ಕುಸಿದು 19 ಜನ ಸತ್ತಾಗ ನೀವಿನ್ನೂ ಶಾಲೆಯಲ್ಲಿದ್ದಿರಿ, ಟಿವಿಯ ಮುಂದಿನಿಂದ ಎದ್ದಿರಲಿಲ್ಲ. ಅದೇಕೆ ಈಗ ನೆನಪಾಗಬೇಕು? ಬೆರಳು ವಾಕಿಟಾಕಿಯ ಗುಂಡಿಯ ಮೇಲಿದೆ. ಮೇಸ್ತ್ರಿ ನಿಮ್ಮನ್ನು ನೋಡುತ್ತಿದ್ದಾರೆ. ಅವರಿಗೆ ಗೊತ್ತು, ಆದರೆ ಅವರ ಕೈಯಲ್ಲಿ ವಾಕಿಟಾಕಿ ಇಲ್ಲ.

‘ಹೋಲ್ಡ್! ಬೂಮ್ ಹೋಲ್ಡ್! ಕೆಳಗಿರೋರು ಹೊರಗ್ ಬನ್ನಿ! ಬಾಹರ್ ಆವೋ, ಸಬ್ ಬಾಹರ್!’

ಕಿರುಚಿದ್ದು ನಿಮ್ಮದೇ ದನಿ. ಆಪರೇಟರ್ ಯಾಕೆಂದು ಕೇಳುವುದಿಲ್ಲ. ಕೆಂಪು ಗುಂಡಿ ಒತ್ತುತ್ತಾನೆ. ಪೈಪು ಒಮ್ಮೆ ಒದರಿ ಸುಮ್ಮನಾಗುತ್ತದೆ. ವೈಬ್ರೇಟರ್ ನಿಲ್ಲುತ್ತದೆ. ಆಗ ಎಲ್ಲರಿಗೂ ಕೇಳಿಸುತ್ತದೆ: ಕಿರ್... ಕಿರ್...

ಮೇಲಿನವರು ಒಬ್ಬೊಬ್ಬರಾಗಿ ಗಟ್ಟಿ ಕಡೆಗೆ ಸರಿಯುತ್ತಾರೆ. ಓಡಬೇಡಿ, ಓಡಬೇಡಿ. ಕೆಳಗೆ ಬಡಗಿಗಳಲ್ಲೊಬ್ಬ ಹೊರಗೆ ಬಂದವನು ಸುತ್ತಿಗೆ ಹಿಡಿದು ಮತ್ತೆ ಒಳಗೆ ನುಗ್ಗಲು ನೋಡುತ್ತಾನೆ; ಜಾಕಿ ಬಿಗಿ ಮಾಡಿಬಿಡುತ್ತೇನೆ, ಒಂದೇ ನಿಮಿಷ ಅನ್ನುತ್ತಾನೆ. ಸೇಫ್ಟಿ ಆಫೀಸರು ಎರಡೂ ತೋಳು ಚಾಚಿ ಅಡ್ಡ ನಿಲ್ಲುತ್ತಾರೆ. ಹಗಲೆಲ್ಲ ಬೆಲ್ಟು, ಹೆಲ್ಮೆಟ್ಟು, ಗ್ಲೌಸು ಎಂದು ಗೊಣಗುವ, ಎಲ್ಲರೂ ಬೆನ್ನ ಹಿಂದೆ ನಗುವ ಮನುಷ್ಯ. ‘ಅಂದರ್ ಕೋಯೀ ನಹೀ ಜಾಯೇಗಾ.’ ಬಡಗಿ ಬೈಯುತ್ತಾನೆ. ಇವರು ಕದಲುವುದಿಲ್ಲ. ಭಾರ ಹೊತ್ತ ಜಾಕಿಯನ್ನು ಬಡಿಯಲು ಹೋದವರು ಎಷ್ಟೋ ಕಡೆ ಹೊರಗೆ ಬಂದಿಲ್ಲ.

ಇನ್‌ಚಾರ್ಜ್ ಓಡಿ ಬರುತ್ತಾರೆ. ದಾರ ನೋಡುತ್ತಾರೆ. ನಿಮಗೆ ಒಂದು ಮಾತೂ ಹೇಳದೆ ಫೋನು ತೆಗೆಯುತ್ತಾರೆ. ಸ್ಟ್ರಕ್ಚರಲ್ ಕನ್ಸಲ್ಟೆಂಟ್, ವಯಸ್ಸಾದವರು, ನಿದ್ದೆಗಣ್ಣಿನ ದನಿ. ಸೈಟಿಗೆ ಅವರು ಬರುವುದೇ ಅಪರೂಪ, ಆದರೆ ಈ ಕಟ್ಟಡದ ಒಂದೊಂದು ಕಂಬಿಯೂ ಅವರ ಲೆಕ್ಕದಿಂದ ಹುಟ್ಟಿದ್ದು. ಪ್ರಶ್ನೆಗಳು ಚಿಕ್ಕವು. ಎಷ್ಟು ಇಳಿದಿದೆ? ಮಾಲು ಬಿದ್ದು ಎಷ್ಟು ಹೊತ್ತಾಯಿತು? ಯಾವ ಕಂಬದಿಂದ ಯಾವ ಕಂಬದವರೆಗೆ? ಫೋಟೊ ಕಳಿಸಿ. ಆಮೇಲೆ ತುಸು ಮೌನ, ಆ ಮೌನದಲ್ಲಿ ನೀವು ನಿಮ್ಮ ಎದೆಬಡಿತ ಎಣಿಸುತ್ತೀರಿ.

‘ಇಳಿದ ಭಾಗದಿಂದ ಹಸಿ ಮಾಲು ತೆಗೀರಿ. ಗಟ್ಟಿ ಕಡೆ ನಿಂತೇ ತೆಗೀಬೇಕು, ಒಳಗೆ ಇಳೀಬಾರ್ದು. ಹಿಂದಿನ ಅಂಕಣದ ನಡು ಭಾಗದಲ್ಲಿ ಜಾಯಿಂಟ್ ಬಿಡಿ. ಕಂಬದ ಪಕ್ಕ ಬೇಡ.’

ಪರೀಕ್ಷೆಗೆಂದು ಉರು ಹೊಡೆದಿದ್ದ ಸಾಲು ಇದು: ಕೆಲಸ ನಿಲ್ಲಿಸಲೇಬೇಕಾದರೆ ಎರಡು ಆಸರೆಗಳ ಅಂತರದಲ್ಲಿ ನಡುವಿನ ಮೂರನೇ ಒಂದು ಭಾಗದೊಳಗೆ ನಿಲ್ಲಿಸು, ಅಲ್ಲಿ ಕತ್ತರಿಸುವ ಬಲ ಕಡಿಮೆ. ಅಂಕ ಬಂದಿತ್ತು. ಈಗ ಅದೇ ಸಾಲಿಗಾಗಿ ಎಂಟು ಜನ ಉದ್ದ ಹಿಡಿಯ ಸಲಕೆ ಹಿಡಿದು, ಉಸಿರು ಬಿಗಿಹಿಡಿದು, ಇಂಚಿಂಚಾಗಿ ಭಾರ ಇಳಿಸುತ್ತಿದ್ದಾರೆ. ಬಾಂಡ್ಲಿಗಳು ಕೈಯಿಂದ ಕೈಗೆ. ಯಾರೂ ಮಾತಾಡುವುದಿಲ್ಲ. ಬೆವರು ಕಣ್ಣಿಗಿಳಿದು ಉರಿಯುತ್ತದೆ, ಒರೆಸಿಕೊಳ್ಳಲು ಕೈಯಲ್ಲೆಲ್ಲ ಸಿಮೆಂಟು. ಕಿರ್ ಸದ್ದು ದೂರ ದೂರವಾಗುತ್ತದೆ. ನಿಲ್ಲುತ್ತದೆ. ಮೂರರ ಹೊತ್ತಿಗೆ ದಾರಕ್ಕೂ ಹಲಗೆಗೂ ನಡುವೆ ಮತ್ತೆ ಸ್ವಲ್ಪ ಬೆಳಕು ಕಾಣುತ್ತದೆ. ಹಲಗೆ ಕಟ್ಟಿ ಜಾಯಿಂಟು ಮುಚ್ಚಿದಾಗ ನಿಮ್ಮ ಕಾಲು ನಡುಗಲು ಶುರುವಾಗುತ್ತದೆ. ಅಲ್ಲಿಯವರೆಗೆ ಅದಕ್ಕೂ ಪುರುಸೊತ್ತಿರಲಿಲ್ಲ.

ಕಾರಣ ಸಿಗುವುದು ಬೆಳಕು ಹರಿದ ಮೇಲೆ. ಆ ಸಾಲಿನ ನಾಲ್ಕು ಜಾಕಿಗಳು ನಿಂತದ್ದು ಮಣ್ಣು ತುಂಬಿದ ಜಾಗದ ಮೇಲೆ, ಬುಡಕ್ಕೆ ಅಗಲವಾದ ಹಲಗೆ ಹಾಕಿರಲಿಲ್ಲ. ಸಂಜೆ ಸಹಿ ಬೀಳುವಾಗ ಮಣ್ಣು ಒಣಗಿ ಕಲ್ಲಾಗಿತ್ತು. ಆಮೇಲೆ ಪಕ್ಕದ ಕಂಬಗಳಿಗೆ ನೀರು ಹೊಡೆದವರು ಪೈಪನ್ನು ಅಲ್ಲೇ ಬಿಟ್ಟುಹೋಗಿದ್ದಾರೆ. ಗಂಟೆಗಟ್ಟಲೆ ನೀರು ಜಿನುಗಿ ಮಣ್ಣು ಕೆಸರಾಗಿ ಬುಡದ ತಟ್ಟೆ ಹೂತಿದೆ. ಯಾರೂ ಸುಳ್ಳು ಸಹಿ ಮಾಡಿಲ್ಲ, ಯಾರೂ ಉಡಾಫೆಯಿಂದ ನೀರು ಬಿಟ್ಟಿಲ್ಲ. ಎರಡು ಒಳ್ಳೆಯ ಕೆಲಸಗಳ ನಡುವೆ ಒಂದು ಹಲಗೆ ಬಿಟ್ಟುಹೋಗಿದೆ, ಅಷ್ಟೆ.

ಎಂಟಕ್ಕೆ ಆಫೀಸು ತುಂಬುತ್ತದೆ. ಪ್ಲಾನಿಂಗಿನವರು ವೇಳಾಪಟ್ಟಿಯನ್ನು ಮುಂದಕ್ಕೆ ತಳ್ಳುತ್ತಾರೆ. ವಾಪಸು ಹೋದ ಗಾಡಿಯ ಮಾಲಿಗೆ ದುಡ್ಡು ಯಾರ ಲೆಕ್ಕದಲ್ಲಿ ಎಂದು ಬಿಲ್ಲಿಂಗಿನವರು ಪ್ಲಾಂಟಿನ ಜೊತೆ ಫೋನಿನಲ್ಲಿ ಜಗಳ ಆಡುತ್ತಾರೆ. ಸ್ಟೋರಿನವರು ಹಲಗೆ ಎಷ್ಟು ಇಶ್ಯೂ ಆಗಿತ್ತು ಎಂದು ಪುಸ್ತಕ ತಿರುವುತ್ತಾರೆ. ಮೇಡಂ ಕ್ಯೂಬುಗಳಿಗೆ ನಂಬರು ಹಾಕುತ್ತಿದ್ದಾರೆ, ಬಲ ನೋಡಲು ಏಳನೇ ದಿನ ಕೆಲವು ಒಡೆಯಬೇಕು, 28ನೇ ದಿನ ಉಳಿದವು. ಇನ್‌ಚಾರ್ಜ್ ನಿಮ್ಮ ಮುಂದೆ ಖಾಲಿ ಹಾಳೆ ಇಡುತ್ತಾರೆ. ರಾತ್ರಿಯ ಬಗ್ಗೆ ಹೇಳುವುದು ಇಷ್ಟೇ: ‘ಕೂಗಿದ್ದು ಸರಿ.’

ನೀವು ಬರೆಯುತ್ತೀರಿ: ಫಾರ್ಮ್‌ವರ್ಕ್.

‘ಬಿಚ್ಚಿ ಬಿಸಾಕೋ ಕೆಲಸ ಅಲ್ವೇನ್ರೀ ಅದು?’ ಹುಬ್ಬೇರಿಸುತ್ತಾರೆ. ಹೌದು. ಕಟ್ಟಡ ತನ್ನ ಕಾಲ ಮೇಲೆ ನಿಲ್ಲುವ ತನಕ ಅದನ್ನು ಹೊರುವ ಇನ್ನೊಂದು ಕಟ್ಟಡ, ಅದರ ಲೆಕ್ಕ. ಕಾಲೇಜಿನಲ್ಲಿ ಇಂಥ ಒಂದು ನೌಕರಿ ಇದೆಯೆಂದು ಯಾರೂ ಹೇಳಿರಲಿಲ್ಲ. ಉದ್ಘಾಟನೆಯ ಫೋಟೊದಲ್ಲಿ ಇರುವುದಿಲ್ಲ. ಸ್ಲ್ಯಾಬಿನ ಕೆಳಗಿನ ಜಾಕಿ ಎಂದು ಬಿಚ್ಚಬೇಕು ಎಂಬುದು ಐಎಸ್ 456ರಲ್ಲಿದೆ: ನಾಲ್ಕೂವರೆ ಮೀಟರ್ ಒಳಗಿನ ಅಂಕಣಕ್ಕೆ 7 ದಿನ, ಅದಕ್ಕಿಂತ ಉದ್ದದ್ದಕ್ಕೆ 14, ಆರು ಮೀಟರ್ ದಾಟಿದ ತೊಲೆಗೆ 21. ಮಾಲೀಕರ ಅವಸರ ಏನೇ ಇರಲಿ, ಆ ದಿನಗಳನ್ನು ಕಾಯಿಸುವುದು ಇನ್ನು ನಿಮ್ಮ ಪಾಲಿನ ‘ಬೇಡ’.

ಹೊರಗೆ ಬರುತ್ತೀರಿ. ಕಂಬಿ ಮೇಸ್ತ್ರಿ ಕೈಕಾಲು ತೊಳೆದು ಕಾಯುತ್ತಿದ್ದಾರೆ. ಜೇಬಿನಿಂದ ಮಡಚಿದ ಕಾಗದ ತೆಗೆಯುತ್ತಾರೆ. ಕರ್ನಾಟಕ ಕಟ್ಟಡ ಮತ್ತು ಇತರೆ ನಿರ್ಮಾಣ ಕಾರ್ಮಿಕರ ಕಲ್ಯಾಣ ಮಂಡಳಿಯ ಕಾರ್ಡಿಗೆ ಬೇಕಾದ ಉದ್ಯೋಗ ಪ್ರಮಾಣಪತ್ರ. ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ಕಟ್ಟಡದ ಕೆಲಸ ಮಾಡಿದ್ದಾರೆ ಎಂದು ಕೆಲಸ ಕೊಟ್ಟವರು ಬರೆದು ಸಹಿ ಹಾಕಬೇಕು. ಮಂಡಳಿಗೆ ದುಡ್ಡು ಬರುವುದು ಕಟ್ಟಡಗಳ ವೆಚ್ಚದ ಮೇಲೆ ಹಾಕುವ ಶೇಕಡಾ 1ರ ಸೆಸ್‌ನಿಂದ; ಮಕ್ಕಳ ಓದಿಗೆ, ಅಪಘಾತಕ್ಕೆ, ಪಿಂಚಣಿಗೆ ಅದು ಇವರದೇ ಹಣ. ‘ಮೂರು ಸೈಟಿನ್ಯಾಗ ಕೇಳ್ದೆ ಸರ. ನಾಳಿ ಬಾ ಅಂತಾರ್ರಿ.’

ಸಹಿ ಮಾಡುವ ಅಧಿಕಾರ ಟ್ರೈನಿಗೆ ಇಲ್ಲ. ಕಾಗದ ಹಿಡಿದು ನೀವು ಮತ್ತೆ ಒಳಗೆ ಹೋಗುತ್ತೀರಿ, ಇನ್‌ಚಾರ್ಜ್ ಸಹಿ ಹಾಕಿ ಸೀಲು ಒತ್ತುವ ತನಕ ಮೇಜಿನ ಮುಂದಿನಿಂದ ಕದಲುವುದಿಲ್ಲ. ಇದನ್ನು ಓದುತ್ತಿರುವವರಲ್ಲಿ ಕಂಟ್ರಾಕ್ಟರುಗಳಿರಬಹುದು, ಎಂಜಿನಿಯರುಗಳಿರಬಹುದು, ಸ್ವಂತ ಮನೆ ಕಟ್ಟಿಸುತ್ತಿರುವವರೂ ಇರಬಹುದು. ನಿಮ್ಮ ಬಳಿ 90 ದಿನ ದುಡಿದವರು ಆ ಕಾಗದ ತಂದರೆ ನಾಳೆ ಬಾ ಅನ್ನಬೇಡಿ, ಅವತ್ತೇ ಸಹಿ ಹಾಕಿಕೊಡಿ.